ದೆವ್ವಕ್ಕೂ ಒಂದು ಊರು ಬೇಕು

ನಮ್ಮವ್ವನ ಲೆಕ್ಕದಲ್ಲಿ ಜಗತ್ತಿನ ಸಿನಿಮಾಗಳೆಲ್ಲ ಐದೇ ಬಗೆ. ದೇವರ ಪಿಚ್ಚರ್, ಸಂಸಾರದ ಪಿಚ್ಚರ್, ಬಡದಾಟದ ಪಿಚ್ಚರ್, ಪೊಲೀಸರ ಪಿಚ್ಚರ್, ದೆವ್ವದ ಪಿಚ್ಚರ್. ಸಂಕೇಶ್ವರದ ಸಂತೆಗೆ ಹೋಗಿ ಬಂದವರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ಯಾರ ಕೈಯಲ್ಲಿ ಏನಿತ್ತು ಎಂದು ವಿಚಾರಿಸುತ್ತಿದ್ದಳು. ಕೊಡಲಿ ಇದ್ದರೆ ಬಡದಾಟ, ಮೇಣಬತ್ತಿ ಇದ್ದರೆ ದೆವ್ವ, ಆರತಿ ತಟ್ಟೆ ಇದ್ದರೆ ದೇವರೋ ಸಂಸಾರವೋ ಎಂದು ಇನ್ನೊಂದು ಪ್ರಶ್ನೆ. ಅದಾದ ಮೇಲೆ ಹೋಗುವುದೋ ಬಿಡುವುದೋ ತೀರ್ಮಾನ. ಪೇಟೆಯ ವಿಮರ್ಶಕರು ಇದನ್ನೇ ‘ಜಾನರ್’ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಮೀಸೆ ಬಂದ ಮೇಲೆ.

ನಾನು ಕಣಗಲಾದವನು. ಹುಕ್ಕೇರಿ ತಾಲ್ಲೂಕಿನ, ಪಿ.ಬಿ. ರೋಡಿನ ಮೇಲಿನ ಊರು. ಹೊರಗಿನವರಿಗೆ ನಾವು ಗೊತ್ತಿರುವುದು ಎಚ್‌ಎಲ್‌ಎಲ್ ಕಾರ್ಖಾನೆಯಿಂದ. ಅಲ್ಲಿ ತಯಾರಾಗುವ ಮಾಲು ಯಾವುದು ಎಂದು ಹೇಳಿದೊಡನೆ ಕೇಳಿದವರು ಮುಸಿಮುಸಿ ನಗುತ್ತಾರೆ, ನಮಗೆ ರೂಢಿಯಾಗಿಬಿಟ್ಟಿದೆ. ಒಂದು ಕಡೆ ಸಂಕೇಶ್ವರ, ಇನ್ನೊಂದು ಕಡೆ ತವಂದಿ ಘಾಟ್ ದಾಟಿದರೆ ನಿಪ್ಪಾಣಿ, ಹಾಗೇ ಮುಂದಕ್ಕೆ ಕೊಲ್ಲಾಪುರ, ಪಡುವಣಕ್ಕೆ ಗಡಹಿಂಗ್ಲಜ. ಹೀಗಾಗಿ ನಮ್ಮ ಕಡೆಯ ಸಿನಿಮಾ ಹುಚ್ಚರಿಗೆ ಭಾಷೆಯ ಮಡಿ ಇಲ್ಲ. ಮರಾಠಿ, ಹಿಂದಿ, ಕನ್ನಡ, ಈಚೆಗೆ ಕನ್ನಡಕ್ಕೆ ಡಬ್ ಆದ ತೆಲುಗು, ಯಾವುದು ಹತ್ತಿರದ ಟಾಕೀಜಿಗೆ ಬಂತೋ ಅದು. ನಾಲ್ಕು ಭಾಷೆಯ ದೆವ್ವ ನೋಡಿದವನಿಗೆ ನಮ್ಮ ದೆವ್ವ ಎಷ್ಟು ಗಟ್ಟಿ ಎಂದು ಹೇಳುವ ಹಕ್ಕು ತುಸುವಾದರೂ ಇರುತ್ತದೆ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಸಂಗತಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಆದರೆ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ನಮ್ಮೂರಿನ ಫಾಟಾದಲ್ಲಿ ಬಸ್ಸು ಹತ್ತಿದರೆ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಚಮನ್‌ಲಾಲ್ ಡುಂಗಾಜಿ ದುಡ್ಡು ಹಾಕಿದರು, ವೈ.ವಿ. ರಾವ್ ನಿರ್ದೇಶಿಸಿದರು, ಸುಬ್ಬಯ್ಯ ನಾಯ್ಡು ಇಂದ್ರಜಿತನಾದರು, ಆರ್. ನಾಗೇಂದ್ರರಾಯರು ರಾವಣನಾದರು, ತ್ರಿಪುರಾಂಬ ಸುಲೋಚನೆಯಾದರು. ಬಾಬುರಾವ್ ಪೇಂಟರ್ ಮತ್ತು ಶಾಂತಾರಾಮರಂಥವರು ಕ್ಯಾಮೆರಾ ಹಿಡಿದು ಬೆಳೆದ ಕೊಲ್ಲಾಪುರದಲ್ಲಿ ಆ ಹೊತ್ತಿಗೆ ಸಿನಿಮಾ ಮಾಡುವ ಸರಂಜಾಮು ಇತ್ತು, ಬೆಂಗಳೂರಿನಲ್ಲಿ ಇರಲಿಲ್ಲ. ಲಂಕೆ, ರಾಕ್ಷಸರು, ಯುದ್ಧ, ಕೊನೆಗೆ ಸತಿಯ ಮಹಿಮೆ. ಅವ್ವನ ಲೆಕ್ಕದಲ್ಲಿ ದೇವರ ಪಿಚ್ಚರೂ ಹೌದು, ಬಡದಾಟದ ಪಿಚ್ಚರೂ ಹೌದು. ಕನ್ನಡ ಸಿನಿಮಾ ಹುಟ್ಟಿದ್ದೇ ಜಾನರ್ ಸಿನಿಮಾ ಆಗಿ, ಅದೂ ನಮ್ಮ ಹಿತ್ತಲಲ್ಲಿ. ಕಲಾತ್ಮಕ, ಕೌಟುಂಬಿಕ ಎಂಬ ಮರ್ಯಾದಸ್ಥ ಹೆಸರುಗಳು ಬಂದದ್ದು ಆಮೇಲೆ.

ಅದಾಗಿ 91 ವರ್ಷಕ್ಕೆ ಇನ್ನೊಬ್ಬ ಸುಲೋಚನೆ ಬಂದಳು. 2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’. ಜೆ.ಪಿ. ತುಮಿನಾಡ್ ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ತಾವೇ ಮಾಡಿದ ಸಿನಿಮಾ. ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಕರಾವಳಿಯ ಒಂದು ಹಳ್ಳಿ. ಅಶೋಕ ಎಂಬ ಹುಡುಗ ಮಾಡಬಾರದ್ದನ್ನು ಮಾಡಲು ಹೋಗಿ ಸಿಕ್ಕಿಬೀಳುತ್ತಾನೆ. ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಅವನ ಮೈಮೇಲೆ ದೆವ್ವ ಬಂದಿದೆ ಎಂಬ ಸುದ್ದಿ ಊರು ತುಂಬುತ್ತದೆ. ದೆವ್ವದ ಹೆಸರು ಸುಲೋಚನಾ, ಊರು ಸೋಮೇಶ್ವರ. ಸಿನಿಮಾದ ಹೆಸರು ಅಂದರೆ ಆ ದೆವ್ವದ ವಿಳಾಸ.

ನಮ್ಮ ಕಡೆ ಯಾರ ಮೈಮೇಲಾದರೂ ಗಾಳಿ ಬಂದರೆ ಹಿರಿಯರು ಕೇಳುವ ಮೊದಲ ಪ್ರಶ್ನೆಯೂ ಇದೇ: ‘ಯಾರ ನೀ? ಯಾವೂರಾಕಿ?’ ಊರು ಹೇಳದ ದೆವ್ವವನ್ನು ಯಾರೂ ನಂಬುವುದಿಲ್ಲ, ಅದಕ್ಕೆ ಎಡೆಯನ್ನೂ ಇಡುವುದಿಲ್ಲ. ಹತ್ತು ವರ್ಷದಿಂದ ಕನ್ನಡದ ದೆವ್ವ, ಕೊಲೆ, ರೌಡಿ, ಪೊಲೀಸ್ ಪಿಚ್ಚರುಗಳನ್ನು ನೋಡುತ್ತ ನನಗೂ ಇದೇ ಚಾಳಿ ಹತ್ತಿದೆ. ತೆರೆ ಮೇಲೆ ಯಾರು ಬಂದರೂ ಮೊದಲು ಊರು ಕೇಳುತ್ತೇನೆ. ಊರು ಹೇಳಿದ ಸಿನಿಮಾ ನಡುವೆ ಎಡವಿದರೂ ಮನೆತನಕ ಜೊತೆಗೆ ಬರುತ್ತದೆ. ಊರಿಲ್ಲದ್ದು ಎಷ್ಟೇ ಕೋಟಿ ಸುರಿದಿದ್ದರೂ ಪಾರ್ಕಿಂಗಿನಲ್ಲೇ ಉಳಿಯುತ್ತದೆ.

‘ಸು ಫ್ರಮ್ ಸೋ’ದಲ್ಲಿ ದೆವ್ವಕ್ಕಿಂತ ಊರೇ ದೊಡ್ಡ ಪಾತ್ರ. ಶನೀಲ್ ಗೌತಮ್ ಮಾಡಿದ ರವಿಯಣ್ಣನಂಥ ಮನುಷ್ಯ ನಮ್ಮಲ್ಲೂ ಗಲ್ಲಿಗೊಬ್ಬ ಇದ್ದಾನೆ: ಮದುವೆಯ ಚಪ್ಪರದಿಂದ ಹೆಣದ ಚಟ್ಟದವರೆಗೆ ಎಲ್ಲದಕ್ಕೂ ಮುಂದೆ ನಿಲ್ಲುವ, ಯಾವುದಕ್ಕೂ ಹೆದರದ, ಕತ್ತಲಾದ ಮೇಲೆ ಮಾತ್ರ ಒಬ್ಬನೇ ಹಿತ್ತಲಿಗೆ ಹೋಗದ ಮನುಷ್ಯ. ಅವರ ಮಾತು ಮಂಗಳೂರು ಸೀಮೆಯದ್ದು. ‘ಮಾರಾಯ’ ಎಂದರೆ ಬೈಗುಳವೋ ಪ್ರೀತಿಯೋ ತಿಳಿಯದೆ ಮೊದಲ ಹತ್ತು ನಿಮಿಷ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಆ ಊರಿನವರೇ ಆಗಿಬಿಟ್ಟೆವು. ಕೊನೆಯ ಅರ್ಧ ತಾಸಿನಲ್ಲಿ ನಗು ತಣ್ಣಗಾಗಿ, ಸುಲೋಚನೆಯ ಮನೆಯ ನಿಜವಾದ ಕಷ್ಟ ತೆರೆಗೆ ಬಂದಾಗ ಕೆಲವರಿಗೆ ಬೇಸರವಾಯಿತು. ನನಗೆ ಅಲ್ಲೇ ಸಿನಿಮಾ ಬೆಳೆಯಿತು ಅನ್ನಿಸಿತು. ಜೀವಂತ ಹೆಂಗಸಿನ ಮಾತಿಗೆ ಕಿವಿಗೊಡದ ಊರು ಸತ್ತವಳ ಹೆಸರಿಗೆ ಕೈಮುಗಿದು ನಿಲ್ಲುವುದನ್ನು ಭಾಷಣವಿಲ್ಲದೆ ತೋರಿಸಿದ್ದಾರೆ.

ಇಲ್ಲಿ ಜಾನರ್ ಎಂದರೇನು ಎಂದು ಎರಡು ಮಾತು ಹೇಳಬೇಕು, ಯಾಕೆಂದರೆ ನಮ್ಮ ಓದಿದ ಮಂದಿ ಅದನ್ನು ತುಸು ಕೀಳಾಗಿ ಕಾಣುತ್ತಾರೆ. ಕೊಲೆ ಪಿಚ್ಚರ್ ಅಂದರೆ ಕೊಲೆಗಾರ ಯಾರು ಎಂದು ಕೊನೆಗೆ ಗೊತ್ತಾಗುವುದು, ಗೊತ್ತಾದ ಮೇಲೆ ಇನ್ನೇನು ಉಳಿಯಿತು ಎಂಬುದು ಅವರ ವಾದ. ಇದಕ್ಕೆ ಉತ್ತರ ನಮ್ಮ ಸೀಮೆಯ ಆಟಗಳಲ್ಲಿದೆ. ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಲು ಬಂದವರಲ್ಲಿ ಸಂಗ್ಯಾ ಸಾಯುತ್ತಾನೆ ಎಂದು ಗೊತ್ತಿಲ್ಲದವರು ತೊಟ್ಟಿಲ ಕೂಸುಗಳು ಮಾತ್ರ. ಬೈಲಹೊಂಗಲ ಸೀಮೆಯಲ್ಲಿ ನಡೆದದ್ದೆಂದು ಹೇಳುವ ಕೊಲೆ ಅದು. ಯಾರು, ಯಾರನ್ನು, ಯಾಕೆ ಎಲ್ಲ ಬಯಲು. ಆದರೂ ಗೆಳೆಯನೇ ಗೆಳೆಯನನ್ನು ಹಿಡಿದುಕೊಡಲು ಒಪ್ಪುವ ಆ ಗಳಿಗೆ ಬರುವ ಹೊತ್ತಿಗೆ ಮಂದಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸುತ್ತಾರೆ. ಇಂದು ಒಟಿಟಿಯಲ್ಲಿ ನಿಜ ಕೊಲೆಗಳ ಮೇಲೆ ಸಾಲು ಸಾಲು ಸರಣಿ ಬರುತ್ತಿವೆಯಲ್ಲ, ಅದರ ಅಪ್ಪ ನಮ್ಮ ಹಲಗೆಯ ಮೇಲೆ ಆಗಲೇ ಕುಣಿದು ಹೋಗಿದ್ದಾನೆ.

ಶ್ರೀಕೃಷ್ಣ ಪಾರಿಜಾತವೂ ಹಾಗೆಯೇ. ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕುಲಗೋಡದ ತಮ್ಮಣ್ಣ ಅದಕ್ಕೆ ರೂಪ ಕೊಟ್ಟರು, ಕೌಜಲಗಿ ನಿಂಗಮ್ಮ ಅದನ್ನು ಮನೆಮಾತು ಮಾಡಿದರು. ಹೂವು ಯಾರಿಗೆ ಸಿಕ್ಕಿತು, ಯಾರು ಮುನಿದರು ಎಂಬುದರಲ್ಲಿ ಯಾವ ಗುಟ್ಟೂ ಇಲ್ಲ. ಆದರೂ ಬೆಳತನಕ ಮಂದಿ ಕೂರುತ್ತಿದ್ದರು. ಕಥೆ ಗೊತ್ತಿದ್ದವನಿಗೆ ಬೇಕಾದದ್ದು ಅದನ್ನು ಇವತ್ತು ಇವರು ಹೇಗೆ ಆಡುತ್ತಾರೆ ಎಂಬುದು. ಆಡುವವರು ಮತ್ತು ನೋಡುವವರ ನಡುವೆ ಒಂದು ಕರಾರು ಇರುತ್ತದೆ. ಹೆದರಿಸುತ್ತೇನೆ ಎಂದು ಕರೆದವನು ಹೆದರಿಸಬೇಕು, ಅದರ ಮೇಲೆ ಇನ್ನೇನಾದರೂ ಕೊಟ್ಟರೆ ಅದು ಕೊಸರು. ನಮ್ಮ ಕಡೆಯ ಕಬ್ಬು ಬೆಳೆಗಾರನ ಮಾತಿನಲ್ಲಿ ಹೇಳುವುದಾದರೆ, ಕಾಟಾ ಸರಿ ಇರಬೇಕು. ಎಷ್ಟು ಟನ್ ಎಂದು ಚೀಟಿಯಲ್ಲಿ ಬರೆದಿದೆಯೋ ಅಷ್ಟು ಇರಬೇಕು.

ಕಾಟಾ ಎಂದಾಗ ನೆನಪಾಯಿತು. 2024ರ ಫೆಬ್ರುವರಿ, ಕಬ್ಬಿನ ಸೀಸನ್ನು. ‘ಶಾಖಾಹಾರಿ’ ಬಂದಿತ್ತು. ಯಾವ ಊರಿನ ಯಾವ ಟಾಕೀಜು ಎಂದು ಹೇಳುವುದಿಲ್ಲ, ಆ ಮಾಲೀಕರ ಚಹಾ ಕುಡಿದಿದ್ದೇನೆ. ಸಂಜೆಯ ಆಟಕ್ಕೆ ನಾನು, ನಮ್ಮ ಅಳಿಯ, ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದ ಇಬ್ಬರು ಗೆಳೆಯರು. ಟಿಕೇಟಿನ ಕಿಂಡಿಯೊಳಗಿನ ಹುಡುಗ ತಲೆ ಎತ್ತದೆ ಹೇಳಿದ:

‘ಏಳು ಮಂದಿ ಆಗೇರಿ ಅಣ್ಣಾ. ಹತ್ತ ಆದ್ರ ಶೋ ಬಿಡ್ತೇವಿ.’

‘ಆಗದಿದ್ರ?’

‘ರೊಕ್ಕಾ ವಾಪಸ್. ಮನಿಗೆ ಹೋಗೂದು.’

ರಸ್ತೆಯ ಆಚೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ಕೆಳಗಿಳಿದು ಬೀಡಿ ಹಚ್ಚುತ್ತಿದ್ದ. ಅಳಿಯ ಹೋಗಿ ಮಾತಾಡಿಸಿದ. ಕಾರ್ಖಾನೆಯ ಮುಂದೆ ಸಾಲು ಮೈಲುದ್ದ ಇದೆ, ಕಾಟಾಕ್ಕೆ ತನ್ನ ನಂಬರ್ ಬರುವುದು ನಾಳೆ ಮುಂಜಾನೆ ಎಂದ ಅವನು, ‘ಯಾ ಪಿಚ್ಚರ್?’ ಎಂದು ಕೇಳಿದ. ‘ಕೊಲಿದು’ ಎಂದೆ. ಅವನೂ ಅವನ ಜೊತೆಗಿದ್ದ ಇಬ್ಬರೂ ಬಂದರು. ಹತ್ತಾಯಿತು. ಆಟ ಬಿಟ್ಟರು.

ಸಂದೀಪ್ ಸುಂಕದ್ ನಿರ್ದೇಶನದ ಆ ಸಿನಿಮಾದಲ್ಲಿ ರಂಗಾಯಣ ರಘು ಮಲೆನಾಡಿನ ಸಣ್ಣ ಸಸ್ಯಾಹಾರಿ ಹೋಟೆಲಿನ ಭಟ್ಟ, ಸುಬ್ಬಣ್ಣ. ಒಂಟಿ ಮನುಷ್ಯ. ಒಂದು ರಾತ್ರಿ ಗಾಯಗೊಂಡ ತರುಣನೊಬ್ಬ ಅವನ ಹೋಟೆಲಿನೊಳಗೆ ಅಡಗುತ್ತಾನೆ. ಮುಂದಿನದನ್ನು ಹೇಳಿದರೆ ಪಾಪ ತಟ್ಟುತ್ತದೆ. ಒಂದೇ ಒಂದು ಸಂಗತಿ: ಸುಬ್ಬಣ್ಣನ ಕೈ. ದಿನವೂ ಬೆಳಗ್ಗೆ ಏಳುವ, ಒಲೆ ಹೊತ್ತಿಸುವ, ತರಕಾರಿ ಹೆಚ್ಚುವ ಕೈ. ಆ ಕೈಗೆ ಮಾಡಬಾರದ ಕೆಲಸ ಬಂದಾಗಲೂ ಅದು ಹೋಟೆಲಿನವನ ಕೈಯಂತೆಯೇ ಅಚ್ಚುಕಟ್ಟಾಗಿ ಚಲಿಸುತ್ತದೆ. ನನ್ನ ಪಕ್ಕದಲ್ಲಿ ಗೋಪಾಲಕೃಷ್ಣ ದೇಶಪಾಂಡೆಯವರ ಪೊಲೀಸನನ್ನು ಗುರುಗುಟ್ಟಿ ನೋಡುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ಮಧ್ಯಂತರದಲ್ಲಿ ಹೇಳಿದ ಮಾತು ಯಾವ ಪತ್ರಿಕೆಯಲ್ಲೂ ಬರಲಿಲ್ಲ: ‘ಸಾಂಬಾರ ಕುದಿಯೂ ವಾಸನಿ ಬಂತ್ರಿ ನನಗ. ಹೆದರಿಕಿ ಅದಕ್ಕ ಆತು.’

ಹೆದರಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಆ ಮನುಷ್ಯ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಗೊತ್ತಿರುವ ಜಾಗದಲ್ಲಿ ಗೊತ್ತಿಲ್ಲದ್ದು ನಡೆಯಬೇಕು. ಜಾಗವೇ ಗೊತ್ತಿಲ್ಲದಿದ್ದರೆ ಅಲ್ಲಿ ಹೆಣ ಬಿದ್ದರೇನು, ಹೂವು ಬಿದ್ದರೇನು.

ಇದನ್ನು ಪರೀಕ್ಷೆ ಮಾಡಿ ನೋಡಬೇಕೆಂದರೆ ಅನೂಪ್ ಭಂಡಾರಿಯವರೇ ಒಂದು ಜೋಡಿ ಮಾಡಿಕೊಟ್ಟಿದ್ದಾರೆ. 2015ರ ‘ರಂಗಿತರಂಗ’ ಮತ್ತು 2022ರ ‘ವಿಕ್ರಾಂತ್ ರೋಣ’. ಎರಡರ ಕಥೆಯೂ ನಡೆಯುವುದು ಕಮರೊಟ್ಟು ಎಂಬ ಹಳ್ಳಿಯಲ್ಲಿ. ಎರಡರಲ್ಲೂ ಕಾಡು, ಮಳೆ, ದೆವ್ವದ ಗುಮಾನಿ, ಕೊನೆಗೆ ಮನುಷ್ಯನ ಕೈವಾಡ. ‘ರಂಗಿತರಂಗ’ ಬಂದ ಹೊಸತರಲ್ಲೇ ‘ಬಾಹುಬಲಿ’ ಮೇಲೆ ಬಿತ್ತು. ಆದರೂ ಹೊಸ ಮುಖಗಳ ಆ ಸಿನಿಮಾ ಒಬ್ಬರ ಬಾಯಿಂದ ಒಬ್ಬರಿಗೆ ಹಬ್ಬಿ ನಿಂತುಕೊಂಡಿತು. ಅಲ್ಲಿಯ ಕಮರೊಟ್ಟು ಒದ್ದೆಯಾಗಿತ್ತು, ಅಂಚೆ ಕಚೇರಿ ಇತ್ತು, ದಾರಿ ಕೇಳಿದರೆ ಹೇಳುವ ಮಂದಿ ಇದ್ದರು. ಏಳು ವರ್ಷದ ನಂತರ ಸುದೀಪ್ ಬಂದರು, ತ್ರೀಡಿ ಬಂತು, ದುಡ್ಡು ಬಂತು. ಕಮರೊಟ್ಟು ಮಾತ್ರ ಸ್ಟುಡಿಯೋದ ಸೆಟ್ಟಿನೊಳಗೆ ಹೊಕ್ಕು ಕಳೆದುಹೋಯಿತು. ಮರ ಚೆಂದ, ಮಂಜು ಚೆಂದ, ದೀಪದ ಬೆಳಕು ಇನ್ನೂ ಚೆಂದ. ಆದರೆ ಒಂದು ಎಲೆಯೂ ಕೊಳೆತಂತೆ ಕಾಣಲಿಲ್ಲ. ಕೊಳೆಯದ ಕಾಡಿನಲ್ಲಿ ಯಾರಿಗೆ ಭಯ? ಹಾಗೆಂದು ಸುದೀಪರನ್ನು ದೂರುವಂತಿಲ್ಲ, ಅವರು ಆ ತ್ರೀಡಿ ಕನ್ನಡಕದೊಳಗೂ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಎರಡು ಸಿನಿಮಾವನ್ನೂ ಒಂದೇ ವಾರದಲ್ಲಿ ನೋಡಿ, ನಾನು ಹೇಳುವುದು ಸುಳ್ಳೆನಿಸಿದರೆ ಚಹಾ ನನ್ನ ಲೆಕ್ಕಕ್ಕೆ.

ಬಡದಾಟದ ಪಿಚ್ಚರುಗಳ ವಿಷಯಕ್ಕೆ ಬರೋಣ. ಈ ಬಗೆಯಲ್ಲಿ ನಮ್ಮವರಿಗೆ ಕೈ ಚೆನ್ನಾಗಿ ಕುದುರಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಸೂರಿಯವರ ‘ಟಗರು’ (2018) ಕಥೆಯನ್ನು ಹಿಂದುಮುಂದು ಮಾಡಿ ಹರಡಿದ ರೀತಿಗೆ ಮೊದಲ ಸಲ ತಲೆ ಗಿರ್ ಎಂದಿತ್ತು. ಎರಡನೇ ಸಲ ನೋಡಿದಾಗ ಆ ಗೋಜಲೇ ಆ ಲೋಕದ ನಡೆ ಎಂದು ತಿಳಿಯಿತು. ಡಾಲಿ ಎಂಬ ಪಾತ್ರ ಧನಂಜಯರ ಹೆಸರಿಗೆ ಅಂಟಿ ಇವತ್ತಿಗೂ ಬಿಟ್ಟಿಲ್ಲ. ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ (2021) ನನ್ನ ಮಟ್ಟಿಗೆ ಈ ದಶಕದ ದೊಡ್ಡ ರೌಡಿ ಸಿನಿಮಾ. ಮಂಗಳಾದೇವಿಯ ಸುತ್ತಲಿನ ನಾಲ್ಕಾರು ಬೀದಿ, ಒಂದು ಆಟದ ಮೈದಾನ, ಅಷ್ಟೇ ಅದರ ಸಾಮ್ರಾಜ್ಯ. ಅದರಲ್ಲಿ ರೌಡಿ ಶಿವ ಹುಲಿವೇಷದ ಹೆಜ್ಜೆ ಹಾಕುವ ಒಂದು ಗಳಿಗೆ ಇದೆ. ಮೈಗೆ ಬಣ್ಣವಿಲ್ಲ, ಮುಖವಾಡವಿಲ್ಲ, ಲುಂಗಿ ಉಟ್ಟ ಗಿಡ್ಡ ಮನುಷ್ಯ. ಭುಜ ಮೊದಲು ಏಳುತ್ತದೆ, ಆಮೇಲೆ ಕತ್ತು ವಾಲುತ್ತದೆ, ಕಾಲು ನೆಲವನ್ನು ಮೂಸಿ ನೋಡಿ ಊರುತ್ತದೆ. ನವರಾತ್ರಿಯ ಹುಲಿಗಳನ್ನು ನೋಡುತ್ತ ಬೆಳೆದವನ ಮೈಯಲ್ಲಿ ಮಾತ್ರ ಇರುವಂಥದು ಅದು. ಯಾವ ಫೈಟ್ ಮಾಸ್ಟರ್ ವಿದೇಶದಿಂದ ಬಂದು ಕಲಿಸಿದರೂ ಬಾರದು.

‘ಕೆಜಿಎಫ್’ ಬಗ್ಗೆ ನಮ್ಮಲ್ಲಿ ಎರಡು ಬಣ. ನಾನು ಮೊದಲ ಅಧ್ಯಾಯದ ಬಣ. 2018ರ ಡಿಸೆಂಬರಿನಲ್ಲಿ ಬಂದ ಅದರಲ್ಲಿ ನರಾಚಿ ಎಂಬುದು ಕಲ್ಪನೆಯ ಊರಾದರೂ ಅದಕ್ಕೆ ಕಾನೂನಿತ್ತು: ಎಲ್ಲಿ ಕಾವಲು, ಎಲ್ಲಿ ಗೋಡೆ, ಯಾರು ಕಣ್ಣು ಎತ್ತಿದರೆ ಏನಾಗುತ್ತದೆ. ಧೂಳು ನಮ್ಮ ಹಲ್ಲಿಗೆ ತಾಗುತ್ತಿತ್ತು. 2022ರ ಎರಡನೇ ಅಧ್ಯಾಯದಲ್ಲಿ ನಾಯಕ ಎಲ್ಲಿ ಬೇಕಾದರೂ ಹೋಗಬಲ್ಲ, ಯಾರನ್ನು ಬೇಕಾದರೂ ಹೊಡೆಯಬಲ್ಲ; ದೆಹಲಿಯ ಅಧಿಕಾರವೂ ಅವನಿಗೆ ಒಂದು 
ಓಣಿ. ಶಿಳ್ಳೆ ಹಾಕಿದೆ, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ಅನ್ನ ಉಣ್ಣುವಾಗ ಏನೂ ನೆನಪಿರಲಿಲ್ಲ.

ಅದರ ಹಿಂದೆ ಬಂದ ಹಿಂಡಿನ ಬಗ್ಗೆ ಹೇಳದಿರುವುದೇ ಲೇಸು, ಆದರೂ ದುಡ್ಡು ಕೊಟ್ಟವನ ಹಕ್ಕು. 2023ರ ‘ಕಬ್ಜ’ದಲ್ಲಿ ಉಪೇಂದ್ರ, ಸುದೀಪ್, ಶಿವರಾಜ್‌ಕುಮಾರ್ ಮೂವರೂ ಇದ್ದರು. ಜೊತೆಗೆ ಮಸಿ ಬಳಿದ ಬಣ್ಣ, ಗುಡುಗುವ ಹಿನ್ನೆಲೆ ದನಿ, ಕ್ಷಣಕ್ಕೊಮ್ಮೆ ಕತ್ತರಿ. ಪಕ್ಕದ ಮನೆಯ ಒಗ್ಗರಣೆಯ ವಾಸನೆ ಹಿಡಿದು ಅದೇ ಪದಾರ್ಥ ಮಾಡಲು ಹೊರಟಂತೆ. ಸಾಸಿವೆ ಸಿಡಿಯಿತು, ಕರಿಬೇವು ಬಿತ್ತು, ಬೇಳೆ ಬೇಯಿಸುವುದು ಮರೆತುಹೋಗಿತ್ತು. 2024ರ ‘ಮಾರ್ಟಿನ್’ ಇನ್ನೂ ದುಬಾರಿ ಗದ್ದಲ. ಧ್ರುವ ಸರ್ಜಾ ಅವರ ಬೆವರು ನಿಜವಾದದ್ದು, ಅದು ಹರಿದ ನೆಲ ಯಾವುದೆಂದು ಕೊನೆಯವರೆಗೂ ತಿಳಿಯಲಿಲ್ಲ. ಇಂಥ ಸಿನಿಮಾಗಳಿಗೆ ಈಗ ‘ಪ್ಯಾನ್ ಇಂಡಿಯಾ’ ಎಂದು ಹೆಸರು. ಇಂಡಿಯಾ ಎಂಬ ಊರಿಗೆ ಬಸ್ಸು ಯಾವ ಸ್ಟ್ಯಾಂಡಿನಿಂದ ಬಿಡುತ್ತದೋ ನನಗೆ ಗೊತ್ತಿಲ್ಲ.

ಸೋಜಿಗವೆಂದರೆ ದೇಶವೆಲ್ಲ ತಿರುಗಿದ ಕನ್ನಡ ಸಿನಿಮಾ ತನ್ನ ಊರು ಬಿಡದ ಸಿನಿಮಾ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಷ್ಟೇ ಬಂತು. ಹಿಂದಿಗೆ ಹೋದದ್ದು ಎರಡು ವಾರದ ನಂತರ, ಮಂದಿ ಕೇಳಿದ ಮೇಲೆ. ಪಂಜುರ್ಲಿ ಯಾರು, ಗುಳಿಗ ಯಾರು ಎಂದು ಗಡಹಿಂಗ್ಲಜದ ಮರಾಠಿ ಗೆಳೆಯನೊಬ್ಬ ನನಗೆ ಫೋನ್ ಮಾಡಿ ಕೇಳಿದ. ನನಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಭಂಡಾರ ಎರಚುವ ದೇವರು, ಹೇಳಿಕೆ ಹೇಳುವ ಪೂಜಾರಿ, ಕರಾವಳಿಯವರಲ್ಲಿ ಕೋಲ. ಆದರೆ ಮೈಮೇಲೆ ಬಂದ ದೇವರ ಮುಂದೆ ಊರಗೌಡನೂ ಕೈಕಟ್ಟಿ ನಿಲ್ಲುವುದು ಎರಡೂ ಕಡೆ ಒಂದೇ. ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಆ ಕೊನೆಯ ಇಪ್ಪತ್ತು ನಿಮಿಷ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಕಥಾನಾಯಕ ಶಿವನ ತಾಯಿ ಅವನನ್ನು ಬೈಯುವ ದೃಶ್ಯಗಳು ಇಷ್ಟ. ಕಥಾನಾಯಕಿಯನ್ನು ನಡೆಸಿಕೊಂಡ ರೀತಿ ಮಾತ್ರ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. 2025ರ ಅಕ್ಟೋಬರ್ 2ರಂದು ಬಂದ ‘ಅಧ್ಯಾಯ 1’ ಕದಂಬರ ಕಾಲಕ್ಕೆ ಹೋಗುತ್ತದೆ. ರಥ, ಅರಮನೆ, ಯುದ್ಧ ಎಲ್ಲ ಕಣ್ಣು ತುಂಬುವಷ್ಟು ಇದೆ. ಅರಮನೆಯೊಳಗೆ ಹೊಕ್ಕಾಗಲೆಲ್ಲ ಯಾವುದೋ ತೆಲುಗು ಸಿನಿಮಾ ನೋಡುತ್ತಿದ್ದೇನೆ ಅನ್ನಿಸುತ್ತದೆ, ಕಾಡಿಗೆ ಮರಳಿದಾಗ ಮತ್ತೆ ಮನೆಗೆ ಬಂದಂತೆ.

ಪೊಲೀಸರ ಪಿಚ್ಚರುಗಳಲ್ಲಿ ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಮೊದಲು. ಮೆಟ್ರೋ ಕೆಲಸಕ್ಕೆ ನೆಲ ಅಗೆದಾಗ ಸಿಕ್ಕ ಬುರುಡೆಗಳು, ಅವುಗಳ ಹಿಂದೆ ಬೀಳುವ ಟ್ರಾಫಿಕ್ ಪೊಲೀಸ್, ಮನೆಯಲ್ಲಿ ಕೂತ ನಿವೃತ್ತ ಅಧಿಕಾರಿಯಾಗಿ ಅನಂತನಾಗ್. ಬೆಂಗಳೂರು ತನ್ನ ಹೊಟ್ಟೆಯನ್ನು ತಾನೇ ಬಗೆದು ನೋಡಿಕೊಳ್ಳುತ್ತಿರುವ ಕಾಲಕ್ಕೆ ಸರಿಯಾಗಿ ಹುಟ್ಟಿದ ಕಥೆ. ‘ಮ್ಯಾಕ್ಸ್’ (2024) ಒಂದು ಠಾಣೆ, ಒಂದು ರಾತ್ರಿ ಎಂಬ ಗಡಿ ಹಾಕಿಕೊಂಡು ಆ ಗಡಿಯನ್ನು ಗೌರವಿಸಿತು. ತಮಿಳಿನ ‘ಕೈದಿ’ಯ ನೆರಳು ಇದ್ದೇ ಇದೆ, ಇರಲಿ.

ನಮ್ಮ ಮಂದಿ ನಿಜವಾಗಿ ಎದೆ ಉಬ್ಬಿಸಿ ಹೋದದ್ದು 2023ರ ‘ಗುರುದೇವ್ ಹೊಯ್ಸಳ’ಕ್ಕೆ. ಧನಂಜಯರ 25ನೇ ಸಿನಿಮಾ, ಕಥೆ ನಡೆಯುವುದು ಬೆಳಗಾವಿಯಲ್ಲಿ! ಗಡಿಯ ತಂಟೆ, ಜಾತಿಯ ಸಿಟ್ಟಿಗೆ ಬಲಿಯಾಗುವ ಪ್ರೇಮ, ನಮ್ಮ ಕಡೆ ಗುಸುಗುಸು ಮಾತಾಡುವ ಸಂಗತಿಗಳನ್ನು ಜೋರಾಗಿ ಆಡಿತು. ನವೀನ್ ಶಂಕರ್ ಅವರ ಖಳನ ಬಾಯಲ್ಲಿ ನಮ್ಮ ಮಾತು ಹದವಾಗಿ ಕೂತಿತ್ತು. ಆದರೆ ನೋಡಿ, ನಮ್ಮ ಮಾತು ಸಿಕ್ಕಿದ್ದು ಖಳನಿಗೆ. ನ್ಯಾಯ ಕೊಡಲು ಬಂದ ನಾಯಕ ಬೇರೆ ಸೀಮೆಯ ಕನ್ನಡದವನು. ಕನ್ನಡ ತೆರೆಯ ಮೇಲೆ ‘ಐತಿ, ಹೋಗೇತಿ’ ಎನ್ನುವವನು ಒಂದೋ ನಗಿಸಬೇಕು, ಇಲ್ಲವೇ ಕೊನೆಗೆ ಒದೆ ತಿನ್ನಬೇಕು. ಇದು ಆ ಒಂದು ಸಿನಿಮಾದ ತಪ್ಪೇನೂ ಅಲ್ಲ, ಬಹುಕಾಲದ ಚಾಳಿ. ಪ್ರೀತಿಸುವವನು, ಪತ್ತೆ ಮಾಡುವವನು, ದೆವ್ವ ಕಂಡು ಹೆದರುವವನು ನಮ್ಮ ಭಾಷೆಯಲ್ಲಿ ಯಾವಾಗ ಹೆದರುತ್ತಾನೋ ಕಾಯುತ್ತಿದ್ದೇನೆ.

ವೈಜ್ಞಾನಿಕ ಪಿಚ್ಚರು ಅವ್ವನ ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದ ಬೇಗ ಮುಗಿಸುತ್ತೇನೆ. 2024ರ ‘ಬ್ಲಿಂಕ್’ ಕೈಯಲ್ಲಿ ದುಡ್ಡಿಲ್ಲದೆ ತಲೆಯಲ್ಲಿ ಕಥೆ ಇದ್ದವರು ಮಾಡಿದ ಸಿನಿಮಾ. ಕಾಲದಲ್ಲಿ ಹಿಂದೆ ಹೋಗಲು ಅದಕ್ಕೆ ಯಂತ್ರ ಬೇಕಾಗಿಲ್ಲ, ಮಿಟುಕದ ಕಣ್ಣು ಸಾಕು. ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಉಪೇಂದ್ರರ ‘ಯುಐ’ ಒಳಗೆ ನೂರು ವಿಚಾರಗಳಿವೆ, ಒಂದಕ್ಕೂ ಕೂರಲು ಜಾಗವಿಲ್ಲ. ‘ಶ್!’ ಎಂದು 1993ರಲ್ಲಿ ನಮ್ಮನ್ನು ಹೆದರಿಸಿದ ಅದೇ ಮನುಷ್ಯ ಈಗ ನಮಗೆ ಪಾಠ ಮಾಡುತ್ತಿದ್ದಾರಲ್ಲ ಎಂದು ಸಂಕಟವಾಯಿತು. ಹಿಂದಿನವರಿಗೆ ಈ ಭಾರ ಇರಲಿಲ್ಲ. 1968ರಲ್ಲಿ ದೊರೆ–ಭಗವಾನ್ ‘ಜೇಡರ ಬಲೆ’ ಮಾಡಿ ರಾಜಕುಮಾರರನ್ನು ಸಿಐಡಿ 999 ಮಾಡಿದರು, 1989ರಲ್ಲಿ ಸುನೀಲ್‌ಕುಮಾರ್ ದೇಸಾಯಿ ಹಾಡೇ ಇಲ್ಲದ ‘ತರ್ಕ’ ಮಾಡಿ ಗೆದ್ದರು.

ಇನ್ನು ಹೊಟ್ಟೆಕಿಚ್ಚಿನ ಮಾತು. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮಗೆ ನೆನಪಿರಬೇಕು. ರಾತ್ರಿ ಹೊತ್ತು ಬಂದು ಹೆಸರು ಹಿಡಿದು ಕೂಗುವವಳಿಗೆ ನಾಳೆ ಬಾ ಎಂದು ಸಬೂಬು. ನಮ್ಮ ಅಡ್ಡ ಓಣಿಯಲ್ಲಿ ಸುಣ್ಣದ ಕಡ್ಡಿಯಿಂದ ಅದನ್ನು ಬರೆಯುವ ಕೆಲಸ ನನ್ನದಾಗಿತ್ತು, ಅಕ್ಷರ ದುಂಡಗಿವೆ ಎಂಬ ಕಾರಣಕ್ಕೆ. ಒಬ್ಬ ಕಾಕಾ ಮಾತ್ರ ‘ಮರಾಠಿಯೊಳಗೂ ಬರಿ ತಮ್ಮಾ, ಆ ಕಡಿಂದ ಬಂದಾಕಿ ಇದ್ರ?’ ಎಂದು ಎರಡು ಭಾಷೆಯಲ್ಲಿ ಬರೆಸಿಕೊಂಡ. ಈ ಕಥೆಯ ಎಳೆ ಹಿಡಿದು ಹಿಂದಿಯವರು 2018ರಲ್ಲಿ ‘ಸ್ತ್ರೀ’ ಮಾಡಿದರು, ಊರನ್ನು ಮಧ್ಯಪ್ರದೇಶದ ಚಂದೇರಿಗೆ ಸಾಗಿಸಿದರು, 2024ರಲ್ಲಿ ಎರಡನೇ ಭಾಗಕ್ಕೆ ನೂರಾರು ಕೋಟಿ ಎಣಿಸಿದರು. ನಾವು ಮಳೆಗಾಲದಲ್ಲಿ ಅಕ್ಷರ ತೊಳೆದುಹೋಯಿತು ಎಂದು ಸುಮ್ಮನಾಗಿದ್ದೆವು. ಕೊಂಕಣದ ಮಕ್ಕಳನ್ನು ಹೆದರಿಸುವ ಮುಂಜ್ಯಾನ ಮೇಲೆ ಅದೇ ವರ್ಷ ‘ಮುಂಜ್ಯಾ’ ಬಂತು. ರತ್ನಾಗಿರಿ ಸೀಮೆಯ ಹಳ್ಳಿಯ ಹೆಸರನ್ನೇ ಇಟ್ಟುಕೊಂಡ ‘ತುಂಬಾಡ್’ 2018ರಲ್ಲಿ ಬಂದು ಹೋಗಿತ್ತು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಟ್ಟಾಗ ಮೊದಲಿಗಿಂತ ಹೆಚ್ಚು ಮಂದಿ ನೋಡಿದರು. ಅದರ ಮಳೆ ನಿಂತದ್ದೇ ಇಲ್ಲ, ನೋಡಿ ಬಂದವರ ಅಂಗಿಯೂ ಒದ್ದೆ.

ಇಲ್ಲಿ ಏನು ಕಡಿಮೆ? ಹಿಡಕಲ್ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಕೆಸರು ಮೆತ್ತಿಕೊಂಡು ಮೇಲೇಳುತ್ತದೆ. ಮಂದಿ ಮೋಟರ್‌ಸೈಕಲ್ ಮೇಲೆ ಹೋಗಿ ಕೈಮುಗಿದು, ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಮಳೆ ಬಿದ್ದರೆ ದೇವರು ಮತ್ತೆ ನೀರೊಳಗೆ. ಊರು ಮುಳುಗಿದವರ ಮನೆಯ ಹೊಸ್ತಿಲು, ಒರಳು ಎಲ್ಲ ಅಲ್ಲೇ ಕೆಳಗಿವೆ. ಹೀಗೆ ವರ್ಷಕ್ಕೊಮ್ಮೆ ತಾನಾಗಿ ಬಾಗಿಲು ತೆರೆಯುವ ಸೆಟ್ಟು ಯಾವ ಸ್ಟುಡಿಯೋದಲ್ಲಿದೆ? ಗೋಕಾಕ ಫಾಲ್ಸಿನ ತೂಗುಸೇತುವೆ ಇದೆ. ಹಂಗಾಮು ಮುಗಿದ ಮೇಲೆ ಗವ್ವೆನ್ನುವ ಕಬ್ಬಿನ ಗದ್ದೆಗಳಿವೆ. ಆಳೆತ್ತರದ ಕಬ್ಬಿನೊಳಗೆ ಸಂಜೆ ಒಬ್ಬನೇ ನೀರು ಬಿಡಲು ಹೋದವನಿಗೆ ಕೇಳುವ ಸಪ್ಪಳವನ್ನು ಡಾಲ್ಬಿಯವರು ಇನ್ನೂ ಹಿಡಿದಿಲ್ಲ. ಕರದಂಟಿಗೆ ಗೋಕಾಕದ ಹೆಸರಿದೆ, ಮೆಣಸಿನಕಾಯಿಗೆ ಸಂಕೇಶ್ವರದ ಹೆಸರಿದೆ, ದೆವ್ವಕ್ಕೆ ಮಾತ್ರ ಕರಾವಳಿಗೋ ಮಲೆನಾಡಿಗೋ ಹೋಗಬೇಕು.

‘ಸು ಫ್ರಮ್ ಸೋ’ ನೋಡಿದ ರಾತ್ರಿಯ ಒಂದು ಸಣ್ಣ ಸಂಗತಿ ಉಳಿದಿದೆ. ಸೆಕೆಂಡ್ ಶೋ ಮುಗಿಸಿ ನಾನೂ ಅಳಿಯನೂ ನಿಪ್ಪಾಣಿ ಕಡೆಯಿಂದ ಮೋಟರ್‌ಸೈಕಲ್ ಮೇಲೆ ಬರುತ್ತಿದ್ದೆವು. ಜಿಟಿಜಿಟಿ ಮಳೆ. ತವಂದಿ ಘಾಟಿನ ತಿರುವಿನಲ್ಲಿ, ದೀಪವಿಲ್ಲದ ಕಡೆ, ಯಾರೋ ಕೈ ಮಾಡುತ್ತಿರುವುದು ಕಂಡಿತು. ತಲೆಯ ಮೇಲೆ ಬಿಳಿ ಪ್ಲಾಸ್ಟಿಕ್ ಚೀಲ.

‘ಮಾಮಾ, ನಿಲ್ಲಸಬ್ಯಾಡ’ ಎಂದು ಅಳಿಯ ನನ್ನ ಅಂಗಿ ಹಿಡಿದ. ನಾನು ನಿಲ್ಲಿಸಿದೆ, ಅರ್ಧ ಧೈರ್ಯಕ್ಕೆ, ಅರ್ಧ ಬ್ರೇಕ್ ತಾನಾಗಿ ಬಿದ್ದದ್ದಕ್ಕೆ. ಅಳಿಯ ನಡುಗುವ ದನಿಯಲ್ಲಿ ಕೇಳಿಯೇಬಿಟ್ಟ: ‘ಯಾವೂರ್ರಿ?’

ಆ ಮನುಷ್ಯ ಉತ್ತರ ಕೊಡಲಿಲ್ಲ. ಮೊಬೈಲಿನ ಬ್ಯಾಟರಿ ಹಚ್ಚಿ, ಬೆಳಕನ್ನು ಮೆಲ್ಲಗೆ ಕೆಳಗೆ ತಂದು, ಮೊದಲು ನಮ್ಮಿಬ್ಬರ ಪಾದ ನೋಡಿದ. ಮುಂದಕ್ಕೇ ಇದ್ದವು. ಆಮೇಲೆ ಉಸಿರು ಬಿಟ್ಟು ಹೇಳಿದ:

‘ಕಣಗಲಾ ರೀ. ಗಾಡಿ ಪಂಕ್ಚರ್ ಆಗೇತಿ. ನಿಮ್ಮದು?’